ತೊಟ್ಟಿಗೆ ಇಳಿಯಬಾರದು ಎಂಬ ಪಾಠ

ಒಂಬತ್ತನೇ ತರಗತಿಗೆ ಪರಿಸರ ವಿಜ್ಞಾನವನ್ನು ಬೇರೆಯೇ ವಿಷಯವಾಗಿ ಕಲಿಸಬೇಕೆಂದು ನಮ್ಮ ಶಾಲೆಯಲ್ಲಿ ತೀರ್ಮಾನವಾದದ್ದು ಬೇಸಿಗೆ ರಜೆ ಶುರುವಾಗುವ ವಾರ. ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದು, "ಪಾಠಕ್ರಮ ನೀವೇ ತಯಾರು ಮಾಡಿ. ಪುಸ್ತಕದಲ್ಲಿ ಇರೋದನ್ನೇ ಇಳಿಸಬೇಡಿ, ನಮ್ಮ ಊರಿನದು ಏನಾದರೂ ಇರಲಿ" ಎಂದರು. ಅಷ್ಟು ಸ್ವಾತಂತ್ರ್ಯ ಕೊಟ್ಟವರು ಅದುವರೆಗೆ ಯಾರೂ ಇರಲಿಲ್ಲ. ಆ ಸಂಜೆ ಬಸ್ಸಿನಲ್ಲಿ ಕೂತು ಹಿಮಕರಡಿ, ಓಝೋನ್ ಪದರ, ಅಮೆಜಾನ್ ಕಾಡು ಎಲ್ಲವನ್ನೂ ಮನಸ್ಸಿನಲ್ಲೇ ಹೊಡೆದು ಹಾಕಿದೆ.

ಶಾಲೆ ಇರುವುದು ತಿರುಪ್ಪೂರಿನ ಅಂಚಿನಲ್ಲಿ, ನೊಯ್ಯಲ್ ನದಿಯ ಪಕ್ಕದಲ್ಲೇ. ಮಕ್ಕಳ ಅಪ್ಪ ಅಮ್ಮಂದಿರು ಹೆಚ್ಚಿನವರು ಬನಿಯನ್ ಕಂಪನಿಗಳಲ್ಲಿ ಹೊಲಿಯುವವರು, ಇಸ್ತ್ರಿ ಹಾಕುವವರು, ಡೈಯಿಂಗ್‌ಗಳಲ್ಲಿ ಬಟ್ಟೆಗೆ ಬಣ್ಣ ಹಾಕುವವರು. ನಾನು ಕೊಳ್ಳೇಗಾಲದ ಕಡೆಯಿಂದ ಇಲ್ಲಿಗೆ ಸೊಸೆಯಾಗಿ ಬಂದವಳು. ಗಂಡನ ಮನೆಯವರು ತಲೆಮಾರುಗಳ ಹಿಂದೆಯೇ ಇಲ್ಲಿ ನೆಲೆಸಿದ ಕನ್ನಡದ ನೇಕಾರರು. ಮನೆಯೊಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಈಗ ಮನೆಯಲ್ಲಿ ಮಗ್ಗವಿಲ್ಲ. ನನ್ನವರು ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರ್. ನನ್ನ ಮೈದುನ, ಅಂದರೆ ಅವರ ತಮ್ಮ, ಒಂದು ಡೈಯಿಂಗ್‌ನಲ್ಲಿ ಸೂಪರ್‌ವೈಸರ್. ಊರಿನ ಅನ್ನವೂ ಊರಿನ ಕೊಳೆಯೂ ಒಂದೇ ಕೊಳವೆಯಲ್ಲಿ ಬರುತ್ತವೆ ಎಂಬುದು ನನಗೆ ಗೊತ್ತಿತ್ತು. ಆದ್ದರಿಂದಲೇ ಪಾಠಕ್ರಮವನ್ನು ನೀರಿನಿಂದ ಶುರು ಮಾಡಬೇಕೆಂದುಕೊಂಡೆ.

ಮೊದಲ ಭಾಗ, ಮನೆಗೆ ನೀರು ಎಲ್ಲಿಂದ ಬರುತ್ತದೆ. ಎರಡನೆಯದು, ಆ ನೀರಿನಲ್ಲಿ ಏನಿದೆ. ಮೂರನೆಯದು, ಬಳಸಿದ ನೀರು ಎಲ್ಲಿಗೆ ಹೋಗುತ್ತದೆ. ಮಣ್ಣು, ಗಾಳಿ, ಕಸ ಎಲ್ಲ ಆಮೇಲೆ. ರಜೆಯಲ್ಲೇ ಪ್ರಯೋಗಗಳನ್ನು ಒಂದೊಂದಾಗಿ ಮಾಡಿ ನೋಡಿದೆ. ಬೋರ್‌ವೆಲ್ ನೀರು, ನಲ್ಲಿ ನೀರು, ಟ್ಯಾಂಕರ್ ನೀರು ಬೇರೆ ಬೇರೆ ಬಾಟಲಿಗಳಲ್ಲಿ ತುಂಬಿ ಸೋಪಿನ ದ್ರಾವಣ ಹಾಕಿ ಅಲ್ಲಾಡಿಸಿದೆ. ನಲ್ಲಿ ನೀರಿನಲ್ಲಿ ನೊರೆ ಎದ್ದಿತು. ಬೋರ್ ನೀರಿನಲ್ಲಿ ನೊರೆಯೇ ಇಲ್ಲ, ಒಡೆದ ಹಾಲಿನಂತೆ ಬಿಳಿ ಗಸಿ. ಇದು ಚೆನ್ನಾಗಿದೆ, ಮಕ್ಕಳ ಕಣ್ಣಿಗೆ ಕಾಣುತ್ತದೆ ಎಂದು ಬರೆದುಕೊಂಡೆ. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಪುಟ್ಟ ಮೀಟರ್ ಎರಡು ಶಾಲೆಯವರು ತರಿಸಿಕೊಟ್ಟರು. ಒಂದು ಬಂದಾಗಲೇ ಕೆಟ್ಟಿತ್ತು.

ಮೂರನೇ ಭಾಗ ಮಾತ್ರ ಸರಿಯಾಗಿ ಕೂಡಿಬರಲಿಲ್ಲ. ಬಣ್ಣದ ನೀರು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ತೋರಿಸಿದರೆ ಈ ಮಕ್ಕಳು ನಗುತ್ತಾರೆ. ಅವರ ಮನೆಯಲ್ಲೇ ಆ ಬಣ್ಣ ಅಪ್ಪಂದಿರ ಉಗುರಿನೊಳಗೆ ಕೂತಿರುತ್ತದೆ. ಕರೆದುಕೊಂಡು ಹೋಗಿ ತೋರಿಸಬೇಕು. ಮೈದುನನನ್ನು ಕೇಳಿದೆ. ಎರಡೇ ದಿನಕ್ಕೆ ಉತ್ತರ ತಂದ.

"ಅತ್ತಿಗೆ, ನಮ್ಮ ಮೊದಲಾಳಿಗೆ ಭಾಳ ಸಂತೋಷಂಗ. ಪಸಂಗಳ ಕೂಟ್ಕೊಂಡು ಬರ್ಲಿ, ನಮ್ಮ ಪ್ಲಾಂಟ್ ಹೆಂಗೈತೆ ಅಂತ ಊರೇ ನೋಡ್ಲಿ ಅಂದ್ರು."

ಮೊದಲಾಳಿ ಎಂದರೆ ಮಾಲೀಕರು, ಪಸಂಗಳು ಎಂದರೆ ಹುಡುಗರು. ಆ ಡೈಯಿಂಗ್‌ಗೆ ತನ್ನದೇ ಶುದ್ಧೀಕರಣ ಘಟಕ ಇತ್ತು, ಅದರ ಬಗ್ಗೆ ಅವರಿಗೆ ಹೆಮ್ಮೆ.

ನಾನು ನಡೆದು ನೋಡದ ಜಾಗಕ್ಕೆ ಮಕ್ಕಳನ್ನು ಕರೆದೊಯ್ಯುವುದಿಲ್ಲ. ಶಾಲೆ ಮತ್ತೆ ತೆರೆದ ಮೇಲೆ ಒಂದು ಮಧ್ಯಾಹ್ನ ಒಬ್ಬಳೇ ಹೋದೆ. ಮಾಲೀಕರೇ ಮುಂದೆ ನಿಂತು ತೋರಿಸಿದರು, ಮೈದುನ ಹಿಂದೆ. ಬಣ್ಣದ ಯಂತ್ರಗಳಿಂದ ಬಿಸಿ ನೀರು ಹರಿದು ಬಂದು ಮೊದಲು ನೆಲದೊಳಗಿನ ಒಂದು ಆಳವಾದ ತೊಟ್ಟಿಗೆ ಬೀಳುತ್ತದೆ. ಅಲ್ಲಿಂದ ಪಂಪಿನಲ್ಲಿ ಎತ್ತಿ ದೊಡ್ಡ ತೊಟ್ಟಿಗೆ. ಅಲ್ಲಿ ಕೆಳಗಿನಿಂದ ಗಾಳಿ ಊದುತ್ತಾರೆ, ನೀರು ಕುದಿಯುವಂತೆ ಕಾಣುತ್ತದೆ. ಆಮೇಲೆ ಸೋಸುವ ಉದ್ದನೆಯ ಕೊಳವೆಗಳ ಸಾಲು, ಕೊನೆಗೆ ಉಳಿದ ಉಪ್ಪುನೀರನ್ನು ಕಾಯಿಸಿ ಆವಿ ಮಾಡುವ ಯಂತ್ರ. ಕೊನೆಯಲ್ಲಿ ಉಪ್ಪಿನ ಚೀಲಗಳು. ನಾನು ಒಂದೊಂದು ಹಂತಕ್ಕೂ ಮಕ್ಕಳು ಎಲ್ಲಿ ನಿಲ್ಲಬೇಕು, ಏನು ಕೇಳಬೇಕು ಎಂದು ಗುರುತು ಹಾಕಿಕೊಂಡೆ.

ನೆಲದೊಳಗಿನ ಮೊದಲ ತೊಟ್ಟಿಯ ಬಾಯಿಯ ಹತ್ತಿರ ಕೊಳೆತ ಮೊಟ್ಟೆಯ ವಾಸನೆ ಗಪ್ಪೆಂದು ಹೊಡೆಯಿತು. ಸೆರಗು ಮೂಗಿಗೆ ಹಿಡಿದೆ.

"ಮಕ್ಕಳಿಗೆ ಇಲ್ಲಿ ಸ್ವಲ್ಪ ಕಷ್ಟ ಆಗಬಹುದು ಸಾರ್" ಎಂದೆ.

"ಅಡಿಯಲ್ಲಿ ಸೇರು ಸೇರಿದೆ ಮಿಸ್" ಎಂದರು ಮಾಲೀಕರು ತಮಿಳಿನಲ್ಲಿ. ಸೇರು ಎಂದರೆ ಕೆಸರು. ಮೈದುನನ ಕಡೆ ತಿರುಗಿ, "ಮಕ್ಕಳು ಬರೋ ಮುಂಚೆ ಆಳು ಇಳಿಸಿ ಇದನ್ನು ಕ್ಲೀನ್ ಮಾಡಿಸಿಬಿಡು" ಎಂದರು.

ಮೈದುನ ತಲೆಯಾಡಿಸಿದ. ನಾನು ಥ್ಯಾಂಕ್ಸ್ ಹೇಳಿದೆ. ಆ ವಾಸನೆ ಯಾವ ಅನಿಲದ್ದು ಎಂದು ನಾನು ಪ್ರತಿ ವರ್ಷ ಹತ್ತನೇ ತರಗತಿಗೆ ಹೇಳಿಕೊಡುತ್ತೇನೆ. ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಮಕ್ಕಳು ವಾಂತಿ ಮಾಡಿಕೊಂಡರೆ ಏನು ಮಾಡುವುದು ಎಂಬುದೊಂದೇ.

ಭೇಟಿಗೆ ಮೂರು ನಾಲ್ಕು ದಿನ ಇರುವಾಗ ಮೈದುನನ ಫೋನ್ ಬಂತು. ನಾನು ಸ್ಟಾಫ್ ರೂಮಿನಲ್ಲಿ ಮಕ್ಕಳ ಒಪ್ಪಿಗೆ ಚೀಟಿಗಳನ್ನು ಜೋಡಿಸುತ್ತಿದ್ದೆ.

"ಅತ್ತಿಗೆ, ಟ್ರಿಪ್ ಕ್ಯಾನ್ಸಲ್ ಮಾಡ್ಬಿಡಿ" ಎಂದ. ಹಿಂದೆ ಯಾರೋ ಹಿಂದಿಯಲ್ಲಿ ಕಿರುಚುವುದು ಕೇಳುತ್ತಿತ್ತು.

ಒಡಿಶಾದಿಂದ ಬಂದಿದ್ದ ಕೆಲಸಗಾರ ಮೊದಲು ಇಳಿದಿದ್ದ. ಕೆಸರನ್ನು ಸಲಿಕೆಯಿಂದ ಕೆದಕಿದವನು ಅಲ್ಲೇ ಕುಸಿದ. ಮೇಲೆ ಬಕೆಟ್ ಎಳೆಯಲು ನಿಂತಿದ್ದ ಇನ್ನೊಬ್ಬರು ಅವನ ಹೆಸರು ಕೂಗಿ, ಉತ್ತರ ಬಾರದಿದ್ದಾಗ ತಾವೇ ಏಣಿ ಹಿಡಿದು ಇಳಿದರು. ಅವರೂ ಮೇಲೆ ಬರಲಿಲ್ಲ. ಅಗ್ನಿಶಾಮಕ ದಳದವರು ಬಂದು ಇಬ್ಬರನ್ನೂ ಎತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡನೆಯವರು ನಮ್ಮಂತೆಯೇ ಕನ್ನಡ ಮಾತಾಡುವ ನೇಕಾರರ ಮನೆಯವರು, ಮಗ್ಗ ಬಿಟ್ಟು ಡೈಯಿಂಗ್ ಸೇರಿದ್ದವರು. ಅವರ ಮಗಳು ನನ್ನ ಒಂಬತ್ತನೇ ತರಗತಿಯಲ್ಲಿದ್ದಳು. ನನ್ನ ಕೈಯಲ್ಲಿದ್ದ ಒಪ್ಪಿಗೆ ಚೀಟಿಗಳಲ್ಲಿ ಅವಳದೂ ಇತ್ತು, ಅಪ್ಪನ ಸಹಿಯೊಂದಿಗೆ.

ಮಾರನೆಯ ದಿನ ಶಾಲೆಯ ಆಡಳಿತ ಮಂಡಳಿಯವರು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಬಂದು ಹೋದರು. ಆಮೇಲೆ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದರು. ಕೆಟ್ಟ ಹೆಂಗಸಲ್ಲ ಅವರು. ಕಣ್ಣು ಕೆಂಪಾಗಿತ್ತು.

"ಮೂರನೇ ಭಾಗ ತೆಗೆದುಬಿಡಿ. ಉಕ್ಕಡಂ ಕೆರೆಗೆ ಬಸ್ ಮಾಡಿಕೊಂಡು ಹೋಗೋಣ. ಹಕ್ಕಿ ನೋಡಲಿ, ಚಿತ್ರ ಬರೆಯಲಿ."

"ನೀರಿನ ಪಾಠಕ್ಕೆ ಹಕ್ಕಿಯಾ ಮೇಡಂ?"

"ಈಗ ಡೈಯಿಂಗ್ ಅನ್ನೋ ಪದವೇ ಬೇಡ. ಆ ಮಗುವನ್ನು ಯೋಚನೆ ಮಾಡಿ."

ಆ ಮಗುವನ್ನು ಬಿಟ್ಟು ಬೇರೆ ಏನನ್ನೂ ನಾನು ಯೋಚಿಸುತ್ತಿರಲಿಲ್ಲ.

ಮನೆಯಲ್ಲಿ ಮೈದುನ ಊಟ ಬಿಟ್ಟಿದ್ದ. ಮಾಲೀಕರು ಪೊಲೀಸರಿಗೂ ಕಾರ್ಖಾನೆ ಇನ್ಸ್‌ಪೆಕ್ಟರಿಗೂ ಹೇಳಿದ್ದು ಇಷ್ಟು: ಇಬ್ಬರೂ ತಾವಾಗಿಯೇ ಇಳಿದರು, ಬಿದ್ದುಹೋದ ಪಂಪಿನ ಹಗ್ಗ ಹುಡುಕಲು; ಯಾರೂ ಇಳಿಯಲು ಹೇಳಿರಲಿಲ್ಲ. ಮೈದುನನೂ ಹಾಗೆಯೇ ಹೇಳಬೇಕೆಂದು ತಾಕೀತಾಗಿತ್ತು. ಹಾಗೆಯೇ ಹೇಳಿದ್ದ.

"ನಾನೇ ಅವರ ಇಳಿಸ್ದೋನು ಅತ್ತಿಗೆ" ಎಂದ ನನ್ನ ಮುಖ ನೋಡದೆ. "ನಿಜ ಹೇಳಿದ್ರೆ ಮೊದಲಾಳಿ ಹೊರಗೆ ನಿಲ್ತಾರೆ, ನಾನು ಒಳಗೆ ಹೋಗ್ತೀನಿ. ಮೊದಲಾಳಿ ಹೇಳ್ವಾಗ ನೀವು ಅಲ್ಲಿ ಇದ್ರಿ ಅಂತ ಯಾರ್ಗೂ ತಿಳಿಯಾಕಿಲ್ಲ. ಸುಮ್ನೆ ಇದ್ಬಿಡಿ."

ಸುಮ್ಮನೆ ಇರುವುದು ಕಷ್ಟವಾಗಿರಲಿಲ್ಲ. ಶಾಲೆಯೂ ಅದನ್ನೇ ಕೇಳುತ್ತಿತ್ತು, ಮನೆಯೂ. ನಾನು ಕೆಲವು ದಿನ ಸುಮ್ಮನೆಯೇ ಇದ್ದೆ. ಸುಮ್ಮನಿರುವಾಗ ಕೈಗೆ ಕೆಲಸ ಬೇಕಾಗಿ, ಪಾಠಕ್ರಮದ ಮೂರನೇ ಭಾಗವನ್ನು ಹರಿದು ಹೊಸದಾಗಿ ಬರೆಯತೊಡಗಿದೆ. ಭೇಟಿ ಬೇಡ, ಘಟಕ ಬೇಡ. ಒಂದೇ ಪಾಠ: ಮುಚ್ಚಿದ ತೊಟ್ಟಿಯೊಳಗೆ ಏನಾಗುತ್ತದೆ. ಗಾಳಿಯಾಡದ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ಬಣ್ಣದ ನೀರಿನಲ್ಲಿರುವ ಗಂಧಕದ ಉಪ್ಪನ್ನು ಒಡೆದು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಕೆದಕಿದರೆ ಒಮ್ಮೆಗೇ ಮೇಲೇಳುತ್ತದೆ. ಸ್ವಲ್ಪ ಇದ್ದಾಗ ನಾರುತ್ತದೆ. ಬಹಳ ಇದ್ದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ, ವಾಸನೆ ಹೋಯಿತು, ಇನ್ನು ಭಯವಿಲ್ಲ ಎಂದು ಮನುಷ್ಯ ಅಂದುಕೊಳ್ಳುತ್ತಾನೆ.

ವಿಷದ ಅನಿಲವನ್ನು ತರಗತಿಯಲ್ಲಿ ತೋರಿಸಲಾಗದು. ಅದರ ಬದಲು ಇಂಗಾಲದ ಡೈಆಕ್ಸೈಡ್ ಬಳಸಿದೆ, ಅದೂ ಗಾಳಿಗಿಂತ ಭಾರ. ಮೀನು ಸಾಕುವ ಗಾಜಿನ ಪೆಟ್ಟಿಗೆಯೊಳಗೆ ಬೇರೆ ಬೇರೆ ಎತ್ತರಕ್ಕೆ ಮೂರು ಮೇಣದ ಬತ್ತಿ ನಿಲ್ಲಿಸಿ, ಮೂಲೆಯ ಬಟ್ಟಲಿನಲ್ಲಿ ಅಮೃತಶಿಲೆಯ ಚೂರಿಗೆ ಆಮ್ಲ ಬಿಡುವುದು. ಅನಿಲ ತಳದಿಂದ ತುಂಬುತ್ತ ಕೆಳಗಿನ ಬತ್ತಿಯನ್ನು ಮೊದಲು ನಂದಿಸಬೇಕು, ಆಮೇಲೆ ನಡುವಿನದು. ಸಂಜೆ ಮಕ್ಕಳು ಹೋದ ಮೇಲೆ ಲ್ಯಾಬಿನಲ್ಲಿ ಮಾಡಿ ನೋಡಿದೆ. ಮೊದಲ ಸಲ ಆಮ್ಲ ಹೆಚ್ಚಾಗಿ ನೊರೆಯುಕ್ಕಿ ಬತ್ತಿಯ ಮೇಲೇ ಸಿಡಿಯಿತು. ಎರಡನೆಯ ಸಲ ಎಷ್ಟು ಹೊತ್ತಾದರೂ ಒಂದೂ ಆರಲಿಲ್ಲ. ಚೂರು ಬದಲಿಸಿದೆ, ಆಮ್ಲ ಬದಲಿಸಿದೆ, ಬತ್ತಿಗಳು ಹಾಗೇ ಉರಿಯುತ್ತಿದ್ದವು. ಸೆಖೆಗೆಂದು ತಲೆಯ ಮೇಲೆ ಫ್ಯಾನ್ ಹಾಕಿಕೊಂಡಿದ್ದೆ. ಕತ್ತೆತ್ತಿ ನೋಡಿದಾಗ ಹೊಳೆಯಿತು. ಫ್ಯಾನ್ ಅನಿಲವನ್ನು ನಿಲ್ಲಲು ಬಿಡುತ್ತಿರಲಿಲ್ಲ. ಆರಿಸಿದೆ. ಕೆಳಗಿನ ಬತ್ತಿ ಮಿಣಮಿಣ ಎಂದು ಆರಿತು. ಆಮೇಲೆ ನಡುವಿನದು.

ಒಂದು ಫ್ಯಾನ್. ತೊಟ್ಟಿಯ ಬಾಯಿಗೆ ಗಾಳಿ ಊದುವ ಒಂದು ಯಂತ್ರ ಇಟ್ಟಿದ್ದರೆ ಇಬ್ಬರೂ ಮನೆಗೆ ಹೋಗುತ್ತಿದ್ದರು. ಆ ಘಟಕದಲ್ಲಿ ಅಂಥ ಯಂತ್ರವಿತ್ತು, ಪಕ್ಕದ ದೊಡ್ಡ ತೊಟ್ಟಿಯ ನೀರಿಗೆ ಅದು ದಿನವಿಡೀ ಗಾಳಿ ಊದುತ್ತಿತ್ತು. ನಾನೇ ನೋಡಿದ್ದೆ.

ಆದರೂ ಪಾಠ ಮುಗಿಯಲಿಲ್ಲ. ಕೊನೆಯಲ್ಲಿ ಮಕ್ಕಳಿಗೆ ಹೇಳಲೇಬೇಕಾದ ಮಾತು ಒಂದಿತ್ತು: ಒಳಗೆ ಬಿದ್ದವರನ್ನು ಎತ್ತಲು ನೀವು ಇಳಿಯಬಾರದು. ಆ ಸಾಲು ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ತರಗತಿಯಲ್ಲಿ ಆ ಹುಡುಗಿ ಕೂತಿರುತ್ತಾಳೆ. ಅವಳಪ್ಪ ಮಾಡಿದ್ದು ಅದನ್ನೇ. ಆ ಸಾಲು ಅವಳ ಕಿವಿಗೆ 'ನಿನ್ನಪ್ಪ ದಡ್ಡ' ಎಂದು ಕೇಳದಂತೆ ಬರೆಯುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅವಳ ತಾಯಿಯನ್ನು ಕೇಳದೆ ಈ ಪಾಠ ಮಾಡಬಾರದು ಎನ್ನಿಸಿತು.

ಒಂದು ಭಾನುವಾರ ಅವರ ಮನೆಗೆ ಹೋದೆ. ಒಂದೇ ಕೋಣೆಯ ಲೈನ್ ಮನೆ. ಹುಡುಗಿ ಬಾಗಿಲಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಎದ್ದು ಒಳಗೆ ಹೋಗಿ ಚಾಪೆ ಹಾಸಿದಳು. ತಾಯಿ ಗೋಡೆಗೆ ಒರಗಿ ಕೂತಿದ್ದರು. ನಾನು ಪಾಠದ ವಿಷಯ ಎತ್ತುವ ಮುಂಚೆಯೇ ಅವರು ಕೇಳಿದರು.

"ನೀವು ಅಲ್ಲಿಗೆ ಪೋಗಿದ್ರಂತೆ, ಮಿಸ್?"

"ಹೌದಮ್ಮ. ಅದಕ್ಕೆ ಮುಂಚೆ ಒಂದು ದಿನ."

"ಅವರಾಗೇ ಇಳಿದ್ರು ಅಂತಾರೆ ಮೊದಲಾಳಿ. ಹಗ್ಗ ಹುಡುಕಾಕೆ ಅಂತೆ. ಇವರು ನಂಗೆ ಹಿಂದಿನ ದಿನ ಹೇಳಿದ್ರು, ನಾಳೆ ತೊಟ್ಟಿ ಕ್ಲೀನ್ ಮಾಡೋ ವೇಲೆ ಐತೆ, ನಮ್ಮ ಪಾಪಾನ ಶಾಲೆ ಪಿಳ್ಳೆಗಳು ಬರ್ತಾವಂತೆ ಅಂತ. ನಾನು ಅದ ಹೇಳಿದ್ರೆ, ಹೆಂಡ್ತಿ ಹಂಗೇ ಹೇಳ್ತಾಳೆ ಅಂತಾರೆ." ಅವರು ನನ್ನ ಕಡೆಗೆ ತಿರುಗಿದರು. "ನಿಮ್ಗೆ ತಿಳಿಯುಮಾ ಮಿಸ್? ಅವರಾಗೇ ಇಳಿದ್ರಾ?"

ಹುಡುಗಿ ಒಲೆಯ ಹತ್ತಿರ ಬೆನ್ನು ಮಾಡಿ ನಿಂತಿದ್ದಳು.

"ಇಲ್ಲಮ್ಮ" ಎಂದೆ. "ಆಳು ಇಳಿಸಿ ಕ್ಲೀನ್ ಮಾಡಿಸು ಅಂತ ಮಾಲೀಕರು ನನ್ನ ಎದುರಿಗೇ ಹೇಳಿದ್ದು. ನಮ್ಮ ಮಕ್ಕಳು ಬರ್ತಾರೆ ಅಂತ."

ಅವರು ಅಳಲಿಲ್ಲ. ನನ್ನನ್ನೇ ನೋಡಿದರು. ಆ ನೋಟದಲ್ಲಿ ನನ್ನ ಪಾಲು ಎಷ್ಟು, ಮಾಲೀಕರ ಪಾಲು ಎಷ್ಟು ಎಂದು ಅವರು ಅಳೆಯುತ್ತಿದ್ದಾರೆ ಅನ್ನಿಸಿತು. ಕೊನೆಗೆ, "ಇದ ಇನ್ಸ್‌ಪೆಕ್ಟರ್ ಹತ್ರ ಬಂದು ಹೇಳ್ತೀರಾ?" ಎಂದರು.

"ಹೇಳ್ತೀನಿ."

"ನಿಮ್ಮ ಮೈದುನ ಅಲ್ಲವಾ ಆ ಡೈಯಿಂಗ್‌ನಲ್ಲಿರೋದು?"

"ಹೌದು. ಹೇಳ್ತೀನಿ."

ಪಾಠದ ವಿಷಯ ಕೇಳಿದಾಗ ಅವರು ಮಗಳ ಕಡೆ ನೋಡಿ, "ಅವಳ್ಗೇ ಕೇಳಿ. ಕೂರೋಳು ಅವಳು" ಎಂದರು. ಹುಡುಗಿ ತಿರುಗದೆಯೇ ತಲೆಯಾಡಿಸಿದಳು. ಹೂಂ ಎಂದೋ ಬೇಡ ಎಂದೋ ನನಗೆ ಗೊತ್ತಾಗಲಿಲ್ಲ.

ಮನೆಗೆ ಬಂದು ಮೊದಲು ಮೈದುನನಿಗೇ ಹೇಳಿದೆ. "ನೀನೇ ಹೋಗಿ ಹೇಳಿಕೆ ಬದಲಿಸಿಬಿಡು. ಹೇಳಿದ್ದು ಅವರು, ನೀನು ಕೇಳಿದವನು. ನನ್ನ ಮಾತೂ ಜೊತೆಗಿರುತ್ತೆ." ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ಅವನು ನಾನು ಪೆತ್ತ ಪಿಳ್ಳೆ ಕಣ್ಣೂ" ಎಂದರು. ನನ್ನನ್ನು ಅವರು ಯಾವಾಗಲೂ ಮುದ್ದಿನಿಂದ ಕರೆಯುತ್ತಿದ್ದದ್ದು ಹಾಗೆಯೇ, ಕಣ್ಣು ಎಂದು. "ಸತ್ತೋರು ಸತ್ತರು. ಇರೋನನ್ನ ಯಾಕೆ ಹಿಡ್ಕೊಡ್ತೀಯ?"

"ಅತ್ತೆ, ಅವರ ಮನೆಯಲ್ಲೂ ಇರೋರು ಇದ್ದಾರೆ."

ಅವರು ಒಳಗೆ ಹೋದರು. ನನ್ನವರು, "ಹೋಗೋದಾದರೆ ನಾನು ಕರ್ಕೊಂಡು ಹೋಗ್ತೀನಿ. ನಿನ್ನ ಒಬ್ಬಳನ್ನೇ ಬಿಡಲ್ಲ. ಆದರೆ ನಾನು ಒಳಗೆ ಬರಲ್ಲ" ಎಂದರು. ಹಾಗೆಯೇ ಮಾಡಿದರು. ಕಾರ್ಖಾನೆ ಇನ್ಸ್‌ಪೆಕ್ಟರ್ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಗಾಡಿಯ ಮೇಲೆ ಕೂತಿದ್ದರು. ನಾನು ಒಳಗೆ ಹೋಗಿ ಕೇಳಿದ್ದನ್ನು ಕೇಳಿದ ಹಾಗೆ ಹೇಳಿ ಸಹಿ ಹಾಕಿದೆ. ವಾಸನೆಯ ಮಾತು ತೆಗೆದವಳು ನಾನೇ ಎಂಬುದನ್ನೂ ಹೇಳಿದೆ. ಇನ್ಸ್‌ಪೆಕ್ಟರ್ ಅದನ್ನು ಬರೆದುಕೊಳ್ಳಲಿಲ್ಲ. "ಅದು ಬೇಕಾಗಿಲ್ಲ ಮೇಡಂ" ಎಂದರು.

ಆಮೇಲೆ ನಡೆದದ್ದನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮಾಲೀಕರ ಮೇಲೂ ಮೈದುನನ ಮೇಲೂ ಕೇಸಾಯಿತು. ಮಾಲೀಕರು ಬೇಗ ಜಾಮೀನು ಪಡೆದರು. ಮೈದುನ ಕೆಲವು ದಿನ ಒಳಗಿದ್ದು ಬಂದ. ಕೇಸು ಇನ್ನೂ ನಡೆಯುತ್ತಿದೆ. ಹುಡುಗಿಯ ಮನೆಗೆ ಪರಿಹಾರದ ಒಂದು ಭಾಗ ಸಿಕ್ಕಿದೆ. ಒಡಿಶಾದವನ ಕಡೆಯಿಂದ ಅಣ್ಣನೊಬ್ಬ ಬಂದು ದೇಹ ತೆಗೆದುಕೊಂಡು ಹೋದನಂತೆ; ಅವನು ಕೊಟ್ಟ ನಂಬರಿಗೆ ಫೋನ್ ಮಾಡಿದರೆ ಈಗ ಯಾರೂ ಎತ್ತುವುದಿಲ್ಲ. ಮೈದುನ ಹೆಂಡತಿಯ ತವರು ವೆಳ್ಳಕೋಯಿಲ್‌ಗೆ ಹೋಗಿ ಅಲ್ಲಿ ಒಂದು ಎಣ್ಣೆ ಗಿರಣಿಯಲ್ಲಿ ಕೆಲಸಕ್ಕಿದ್ದಾನೆ. ಹಬ್ಬಕ್ಕೆ ಬಂದಾಗಲೂ ನನ್ನ ಕೈಯ ನೀರು ಮುಟ್ಟುವುದಿಲ್ಲ. ಅತ್ತೆ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾರೆ. ಕಣ್ಣು ಎಂದು ಕರೆಯುವುದಿಲ್ಲ.

ಶಾಲೆಯಲ್ಲಿ ಕೆಲಸ ಹೋಗಬಹುದೆಂದುಕೊಂಡಿದ್ದೆ. ಹೋಗಲಿಲ್ಲ. ಮುಖ್ಯೋಪಾಧ್ಯಾಯಿನಿ ಆಡಳಿತ ಮಂಡಳಿಯೊಂದಿಗೆ ಏನು ಮಾತಾಡಿದರೋ, ಪಾಠಕ್ರಮ ಒಪ್ಪಿಗೆಯಾಯಿತು. ಮೂರನೇ ಭಾಗದಲ್ಲಿ ಉಕ್ಕಡಂ ಕೆರೆಯ ಹಕ್ಕಿಗಳಿದ್ದವು. ತೊಟ್ಟಿಯ ಪಾಠಕ್ಕೆ ಒಂದು ಪಿರಿಯಡ್ ಕೊಟ್ಟರು, ಸುರಕ್ಷತೆ ಎಂಬ ಹೆಸರಿನಲ್ಲಿ. ಪರೀಕ್ಷೆಗೆ ಇಲ್ಲ, ಬರಹದಲ್ಲಿ ಎಲ್ಲೂ ಡೈಯಿಂಗ್ ಎಂಬ ಪದ ಬರಬಾರದು ಎಂಬ ಷರತ್ತಿನ ಮೇಲೆ.

ಆ ದಿನ ಹುಡುಗಿ ಬರುವುದಿಲ್ಲವೆಂದುಕೊಂಡಿದ್ದೆ. ಎರಡನೇ ಬೆಂಚಿನಲ್ಲಿ ಕೂತಿದ್ದಳು. ಫ್ಯಾನ್ ಆರಿಸಿ, ಗಾಜಿನ ಪೆಟ್ಟಿಗೆಯಲ್ಲಿ ಬತ್ತಿ ಹಚ್ಚಿದೆ. ಆರಿದವು, ಕೆಳಗಿನಿಂದ ಮೇಲಕ್ಕೆ. ಮಕ್ಕಳು ಬಾಯಿ ಬಿಟ್ಟು ನೋಡಿದರು. ಆಮೇಲೆ ತಯಾರು ಮಾಡಿಕೊಂಡಿದ್ದ ಪ್ರಶ್ನೆ ಕೇಳಿದೆ, ತಮಿಳಿನಲ್ಲಿ: ಒಳಗೆ ಒಬ್ಬರು ಬಿದ್ದಿದ್ದಾರೆ, ನೀವು ಮೇಲೆ ನಿಂತಿದ್ದೀರಿ, ಏನು ಮಾಡುತ್ತೀರಿ? ತರಗತಿಯೆಲ್ಲ ಒಟ್ಟಿಗೆ ಕೂಗಿತು. ಇಳಿದು ಎತ್ತುತ್ತೇವೆ ಮಿಸ್. ಈಗಷ್ಟೇ ಬತ್ತಿ ಆರಿದ್ದನ್ನು ನೋಡಿದ ಮಕ್ಕಳು. ಒಬ್ಬರೂ ಬೇರೆ ಹೇಳಲಿಲ್ಲ. ಕೂಗಿದ ಮೇಲೆ ಒಬ್ಬೊಬ್ಬರಿಗೇ ನೆನಪಾಯಿತು. ಎಲ್ಲರ ತಲೆಯೂ ಎರಡನೇ ಬೆಂಚಿನ ಕಡೆ ತಿರುಗಿತು.

ನಾನು ಬರೆದುಕೊಂಡಿದ್ದ ಸಾಲು ನಾಲಿಗೆಗೆ ಬರಲಿಲ್ಲ. "ನೋಡಿ" ಎಂದೆ, "ಎಲ್ಲರೂ ಇಳೀತೀವಿ ಅಂದ್ರಿ. ನಾನೂ ಇಳೀತಿದ್ದೆ. ಮನುಷ್ಯರು ಇಳಿಯೋದೇ ಹಾಗೆ. ಇಳಿದವರದು ತಪ್ಪಲ್ಲ. ಇದನ್ನು ಅವರಿಗೆ ಯಾರೂ ಹೇಳಿಕೊಡದೆ ಅಲ್ಲಿ ನಿಲ್ಲಿಸಿದ್ದು ತಪ್ಪು. ನಿಮಗೆ ನಾನು ಹೇಳಿಕೊಟ್ಟಿದ್ದೀನಿ. ಅದಕ್ಕೇ ನೀವು ಇಳಿಯೋ ಹಾಗಿಲ್ಲ."

ಹುಡುಗಿ ಎದ್ದು ನಿಂತಳು. ಶಾಲೆಯಲ್ಲಿ ಒಂದು ದಿನವೂ ಮನೆಯ ಮಾತು ಆಡದವಳು, ಅಷ್ಟೂ ಮಕ್ಕಳ ನಡುವೆ ಕನ್ನಡದಲ್ಲಿ ಕೇಳಿದಳು.

"ಹಂಗಾದ್ರೆ ಮೇಲೆ ನಿಂತ್ಕೊಂಡು ಏನು ಮಾಡಾದು ಮಿಸ್?"

ಕಿರುಚಬೇಕು, ನೂರೆಂಟಕ್ಕೂ ನೂರೊಂದಕ್ಕೂ ಫೋನ್ ಮಾಡಬೇಕು, ಗಾಳಿ ಊದಬೇಕು, ಇಳಿಯುವವನ ಸೊಂಟಕ್ಕೆ ಮೊದಲೇ ಹಗ್ಗ ಕಟ್ಟಿರಬೇಕು ಎಂದು ಒಂದೊಂದಾಗಿ ಹೇಳಿದೆ, ಮೊದಲು ಅವಳಿಗೆ ಕನ್ನಡದಲ್ಲಿ, ಆಮೇಲೆ ಉಳಿದವರಿಗೆ ತಮಿಳಿನಲ್ಲಿ. ಅವಳು ಕೂರಲಿಲ್ಲ. ನಾನು ಮುಗಿಸುವವರೆಗೂ ನಿಂತೇ ಕೇಳಿದಳು. "ಅದೆಲ್ಲ ಮಾಡಿದ್ರೂ ಒಳಗಿರೋರು ಸತ್ತುಪೋದ್ರೆ?" ಎಂದಳು.

"ಸಾಯಬಹುದು" ಎಂದೆ. "ಆದರೆ ಮೇಲಿರೋ ಒಬ್ಬರು ಮನೆಗೆ ಹೋಗ್ತಾರೆ."

ಅವಳು ಕೂತಳು.